ಕುಣಿಯುವ ಬಾಣ

ಮೇಷ್ಟ್ರ ಅಪ್ಪನ ಚೌಕ ಕಪ್ಪಾಯಿತು. ತಮ್ಮದನ್ನು ಬಿಳಿಯಾಗಿಯೇ ಬಿಡುವುದೇ? ಮೇಷ್ಟ್ರು ಮೌಸಿನ ಬಾಣವನ್ನು ಅದರ ಮೇಲೆ ತಂದರು. ಆನ್‌ಲೈನ್ ಪ್ರಯೋಗಾಲಯದಲ್ಲಿ ತರಗತಿಯೆಲ್ಲ ಸೇರಿ ಬಿಡಿಸುತ್ತಿದ್ದ ವಂಶವೃಕ್ಷಕ್ಕೆ, ಪಕ್ಕದ ಕೋಣೆಯಲ್ಲಿ ಕೂತು ಅದೇ ಪಾಠ ಕೇಳುತ್ತಿದ್ದ ಅವರ ಮಗಳು, ಅಪ್ಪ-ಅಮ್ಮನಿಗಿದ್ದರಷ್ಟೇ ಮಕ್ಕಳಿಗೆ ಬರುವ ಕೈನಡುಕದ ಕಾಯಿಲೆಯಿಂದ ತೀರಿಕೊಂಡ ತಾತನ ಮನೆತನವನ್ನೇ ಉದಾಹರಣೆಯಾಗಿ ಕೊಟ್ಟಿದ್ದಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ; ಕಾಯಿಲೆ ಬಂದವರಿಗೆ ಕಪ್ಪು, ಬರದವರಿಗೆ ಬಿಳಿ.

"ಸರ್, ನಿಮ್ಮ ಮೌಸಿನ ಬಾಣ ಯಾಕೆ ಕುಣೀತಿದೆ?" ಹುಡುಗನೊಬ್ಬ ಕೇಳಿದ.

"ಅದಕ್ಕೂ ಪರೀಕ್ಷೆ ಭಯ ಕಣೋ," ಹುಡುಗಿಯೊಬ್ಬಳು ನಕ್ಕಳು.

ಮೇಷ್ಟ್ರು ಮೌಸಿನಿಂದ ಕೈ ತೆಗೆದರು. ಬಾಣ ನಿಂತಿತು. "ನೆಟ್ ಸರಿಯಿಲ್ಲ," ಎಂದರು.

"ಅಪ್ಪಾ... ಅಲ್ಲಲ್ಲ, ಸರ್. ನಿಮ್ಮ ಚೌಕ ಬಿಳೀದೇ ತಾನೇ? ಹಾಗಾದ್ರೆ ನಾನೂ ಬಚಾವ್!"

"ಹೂಂ ಕಣಮ್ಮಾ. ಬಿಳೀದೇ."

ಮಗಳು ತನ್ನ ವೃತ್ತವನ್ನೂ ಬಿಳಿಯಾಗಿಯೇ ಬಿಟ್ಟು ಮುಂದಿನ ಪಾಠಕ್ಕೆ ಹೋದಳು. ನೆಟ್ ಸರಿಯಾಗಿಯೇ ಇತ್ತೆಂದು ಮೇಷ್ಟ್ರು ಹೇಳಲೇ ಇಲ್ಲ.