ಪಕ್ಕದ ಬಾಗಿಲು

ಶಹಾಪುರದ ಬಸ್ಸಿನಲ್ಲಿ ಗುರುಬಾಯಿ ಮಗಳು ನೀಲಮ್ಮನ ಬೆನ್ನಿಗೆ ಕಿವಿಯಿಟ್ಟಳು. ಜೀವಕೋಶಗಳ ಮಾತು ಎಲ್ಲರಿಗೂ ಕೇಳಿಸುವ ಕಾಲವದು. ನೀಲಮ್ಮನ ಶ್ವಾಸನಾಳದ ಕೋಶಗಳಲ್ಲಿ ಉಪ್ಪುನೀರು ಹೊರಬಿಡುವ ಬಾಗಿಲುಗಳು ಹುಟ್ಟಿನಿಂದಲೇ ಮುಚ್ಚಿದ್ದವು. ಇಂದು ಕಫ ಒಣಗಿ ಉಸಿರು ಕಟ್ಟುತ್ತಿತ್ತು. ಬೆನ್ನು ಎಷ್ಟು ತಟ್ಟಿದರೂ ಒಳಗೆ ಸದ್ದಿಲ್ಲ.

"ಬರೇ ಬಡದ್ರ ಅವು ಮಾತಾಡ್ತಾವೇನಬೇ? ನಗಸಬೇಕು," ಎಂದ ಕಂಡಕ್ಟರ್, ತನ್ನ ಬೆವರಿದ ಬೋಳುತಲೆಗೆ ಟಿಕೆಟ್ ಅಂಟಿಸಿಕೊಂಡ. "ತಲಿಗೊಂದು ಟಿಕೀಟ ಅಂದ್ರ ಇದ ನೋಡವ್ವಿ."

ಮಗು ನಕ್ಕಿತು, ನಗು ಕೆಮ್ಮಾಯಿತು. ಕೆಮ್ಮಿನ ಎಳೆತಕ್ಕೆ ಕೋಶವೊಂದು ತಾನು ಉಣ್ಣಬೇಕಾದ ಶಕ್ತಿಯನ್ನೇ ಚಿಟಿಕೆಯಷ್ಟು ಹೊರಗೆ ಚೆಲ್ಲಿ ನೆರೆಯವರನ್ನು ಕೂಗಿತು. ಅವರು ಮುಚ್ಚಿದ್ದನ್ನು ಬಿಟ್ಟು ಪಕ್ಕದ ಬಾಗಿಲು ತೆರೆದರು. ಉಪ್ಪು ಹೊರಟಿತು, ಅದರ ಹಿಂದೆಯೇ ನೀರು. ಎಷ್ಟು ಸಲ ಕೇಳಿದ್ದರೂ ಗುರುಬಾಯಿಗೆ ಬೆರಗು.

ಸಡಿಲಾದ ಕಫ ಅವಳ ಸೆರಗಿಗೆ ಬಿತ್ತು. ಬಸ್ಸಿನಲ್ಲಿ ಯಾರೂ ಮುಖ ತಿರುಗಿಸಲಿಲ್ಲ.