ಹತ್ತಕ್ಕೆ ಬಿಟ್ಟ ವಿಮಾನ

"ಮುಂಬೈಯಿಂದ ದುಬೈಗೆ ವಿಮಾನದಾಗ ಎಷ್ಟು ದೂರ ಆಗ್ತೈತಿ?"

ನಿಜಾಮುದ್ದೀನರ ಮೊದಲ ಪ್ರಶ್ನೆ ಬಿದ್ದಾಗ ಇನಾಯತನ ಬಾಯಲ್ಲಿ ಅರ್ಧ ಬಿಸ್ಕೀಟಿತ್ತು. ಹಾಗೇ ನುಂಗಿದ.

"ಸಾವಿರದ ಒಂಬೈನೂರು ಕಿಲೋಮೀಟರ್ ದಾಟ್ತೈತ್ರಿ ಚಾಚಾ."

ಸರಿಯುತ್ತರ. ತನ್ನೂರು ಶಿರೋಳದಿಂದ ಹೆಣ್ಣು ನೋಡಲು ಗಜೇಂದ್ರಗಡಕ್ಕೆ ಬರುವ ಬಸ್ಸಿನಲ್ಲಿ ಮೊಬೈಲು ನೋಡಿ ಬಾಯಿಪಾಠ ಮಾಡಿದ್ದ. ಯಾಕೆಂದರೆ ದುಬೈಯನ್ನು ಅವನು ಕಂಡೇ ಇರಲಿಲ್ಲ. ಮೂರು ವರ್ಷದ ಹಿಂದೆ, ವಿಮಾನ ಹಾರುವ ಮೊದಲೇ ವೀಸಾದ ದುಡ್ಡು ಇಸಿದುಕೊಂಡ ಏಜೆಂಟ್ ಹಾರಿಹೋಗಿದ್ದ. ನಾಚಿಕೆಗೆ ಊರಿಗೆ ಮರಳದೆ ಇನಾಯತ ಮುಂಬೈಯ ಬೇಕರಿಯೊಂದರಲ್ಲಿ ಬ್ರೆಡ್ಡು ಬೇಯಿಸುತ್ತ, ಫೋನಿನಲ್ಲಿ ದುಬೈ ಬೇಯಿಸುತ್ತ ಕೂತುಬಿಟ್ಟ.

ಮಗ ರಜೆಗೆ ಬಂದನೆಂದು ನಂಬಿದ ತಾಯಿ ಜಮಾಲಬಿ ಹೆಣ್ಣು ನೋಡಿದ್ದಳು. ಮುಬೀನಾ. ಇನಾಯತನಿಗೆ ಫೋಟೋದಲ್ಲೇ ಮನಸ್ಸು ಜಾರಿತ್ತು. ತೊಡಕು ಅವಳಪ್ಪ. ನಿಜಾಮುದ್ದೀನರು ಹದಿನೆಂಟು ವರ್ಷ ದುಬೈಯಲ್ಲಿದ್ದವರು. ಪೇಟೆಗೆಲ್ಲ 'ದುಬೈ ಚಾಚಾ'. ಅಲ್ಲಿಯ ಕಥೆ ಹೇಳಿರೆಂದರೆ ಗತ್ತಿನಿಂದ ಕೈಯಾಡಿಸಿ ಸುಮ್ಮನಾಗುವವರು, ದುಬೈಯಿಂದ ಬಂದೆನೆನ್ನುವವರನ್ನು ಮಾತ್ರ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ಹೋದ ತಿಂಗಳು ರೋಣದ ವರನೊಬ್ಬ ತಡವರಿಸಿ, ಚಹಾ ಸಿಗದೆ ಎದ್ದುಹೋಗಿದ್ದ.

"ಎಷ್ಟು ತಾಸಿನ ಹಾದಿ?"

"ಮೂರು ತಾಸ್ರಿ."

"ಕಿಟಕಿ ಬಾಜೂಕ ಕುಂತಿದ್ನಂತ್ರಿ ನನ್ನ ಮಗ," ಜಮಾಲಬಿ ಬಾಯಿ ಹಾಕಿದಳು. "ಮೋಡ ಕೈಗೆ ಸಿಗೂ ಹಂಗಿದ್ವಂತ."

"ಕಿಟಕಿ ತಗದಿದ್ರೇನಂತ?" ಪರದೆಯ ಹಿಂದಿನಿಂದ ಮುಬೀನಾ ಕಿಸಕ್ಕೆಂದಳು.

ನಿಜಾಮುದ್ದೀನರು ನಗಲಿಲ್ಲ. ಅವರ ಕೈಯಲ್ಲಿ ಕಪ್ಪು-ಬಸಿ ಕಟಕಟ ಎಂದವು. ಸಿಟ್ಟು ಬಂದಿದೆ ಅಂದುಕೊಂಡ ಇನಾಯತ.

"ಹತ್ತಕ್ಕ ಮುಂಬೈ ಬಿಟ್ಟಿ ಅನಕೋ. ಇಳದಾಗ ದುಬೈ ಗಡಿಯಾರದಾಗ ಎಷ್ಟು ಆಗಿರ್ತೈತಿ?"

ಇದೇ ಗಂಡಾಂತರ. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಹತ್ತಕ್ಕೆ ಮೂರು ಕೂಡಿಸು, ಒಂದೂವರೆ ಕಳೆ, ಹನ್ನೊಂದೂವರೆ. ಬಸ್ಸಿನಲ್ಲಿ ಇಪ್ಪತ್ತು ಸಲ ಹೇಳಿಕೊಂಡಿದ್ದ. ಅಷ್ಟರಲ್ಲಿ ಪರದೆ ಅಲುಗಿತು. ಕಣ್ಣು ಅತ್ತ ಹೋಯಿತು. ಕಳೆಯುವುದನ್ನು ಕೂಡಿಸಿಬಿಟ್ಟ.

"ಎರಡೂವರೀರಿ."

ಮಾತು ಹೊರಬಿದ್ದ ಮೇಲೆ ತಿಳಿಯಿತು. ಹದಿನೆಂಟು ವರ್ಷ ಆ ಗಡಿಯಾರ ನೋಡಿ ಎದ್ದು ಮಲಗಿದ ಮನುಷ್ಯನ ಮುಂದೆ ಎರಡೂವರೆಯಂತೆ! ಮುಬೀನಾ ಕೈತಪ್ಪಿ ಹೋದಳು. ಇನ್ನು ಅವ್ವನ ಎದುರೇ ಮೂರು ವರ್ಷದ ಸುಳ್ಳು ಬಿಚ್ಚಿಕೊಳ್ಳುತ್ತದೆ.

ನಿಜಾಮುದ್ದೀನರು ಅವನನ್ನೇ ದಿಟ್ಟಿಸಿದರು. ಟವೆಲಿನಿಂದ ಹಣೆಯ ಬೆವರು ಒರೆಸಿಕೊಂಡರು. ಬಸಿ ಕೆಳಗಿಟ್ಟು, ಬಹಳ ಹೊತ್ತು ಹಿಡಿದಿಟ್ಟಂತಿದ್ದ ಉಸಿರನ್ನು ಬಿಟ್ಟರು.

"ಬರೋಬ್ಬರಿ! ಹದಿನೆಂಟು ವರ್ಷ, ಇಳದ ಕೂಡ್ಲೆ ನಾನೂ ಗಡಿಯಾರದ ಮುಳ್ಳು ಒಂದೂವರಿ ತಾಸು ಮುಂದಕ್ಕಽ ತಿರುವೀನಿ!"