ಖಾಲಿ ಕೆಪಾಸಿಟರ್

ಜೋಲ್ದೋಶ್ ಎದುರಿನ ಚಹಾದಂಗಡಿಯಲ್ಲಿ ಎರಡನೇ ಬಟ್ಟಲು ಮುಗಿಸುವುದರೊಳಗೆ ಕೆಲಸ ಆಗಬೇಕಿತ್ತು. ಕುಬನ್ ಆಚೀಚೆ ನೋಡಿ ಅವನ ಕಾರಿನ ಡಿಕ್ಕಿಯೊಳಗೆ ತಲೆ ತೂರಿಸಿದ. ಸ್ಪೀಕರಿನ ಪಕ್ಕದಲ್ಲಿದ್ದ ಕೆಪಾಸಿಟರನ್ನು ಬಿಚ್ಚಿದ. ಹಾಲಿನ ಡಬ್ಬಿಯಷ್ಟು ದಪ್ಪ, ಹೊಳೆಯುವ ಮೈ, ನೆತ್ತಿಯ ಮೇಲೆ ನೀಲಿ ಅಂಕಿ. ಕೈಗೆ ಮಾತ್ರ ಹಗುರ.

ಹಗುರ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಸಂಕಟ ಅದೇ.

ಟೋಕ್ಮೋಕ್ ಪಟ್ಟಣದ ವಾಹನ ಬಜಾರಿನಲ್ಲಿ ಕಾರಿಗೆ ಹಾಡು ಕೂರಿಸುವವರ ಪೈಕಿ ಕುಬನ್‌ಗೆ ಒಳ್ಳೆಯ ಹೆಸರು; ಎಲ್ಲರ ಬಾಯಲ್ಲೂ ಅವನು 'ಉಸ್ತಾ', ಪಳಗಿದ ಮೇಸ್ತ್ರಿ. ದೊಡ್ಡ ಸ್ಪೀಕರು ಗುದ್ದಿದಾಗಲೆಲ್ಲ ಬ್ಯಾಟರಿಗೆ ಉಸಿರು ಕಟ್ಟುತ್ತದೆ, ಮುಂದಿನ ದೀಪಗಳು ಮಿಟುಕುತ್ತವೆ. ಕೆಪಾಸಿಟರ್ ಕೂಡಿಟ್ಟ ವಿದ್ಯುತ್ತನ್ನು ಆ ಕ್ಷಣಕ್ಕೆ ಕೊಟ್ಟು ದೀಪಗಳನ್ನು ಕಾಯುತ್ತದೆ. ಅಸಲಿಯಾಗಿದ್ದರೆ. ಹೋದ ವಸಂತದಲ್ಲಿ ಬಂದ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಅನುಮಾನ ಬಂದು ಕೊಯ್ದು ನೋಡಿದ್ದ. ಒಳಗೆ ಹೆಬ್ಬೆರಳಿನಷ್ಟು ಪುಟಾಣಿಯೊಂದು, ಮಿಕ್ಕಿದ್ದೆಲ್ಲ ಗಾಳಿ. ಉಳಿದವನ್ನು ಹಿಂದಕ್ಕೆ ಕಳಿಸಿದ. ಕೊಯ್ಯದ ಒಂದನ್ನು ಮಾತ್ರ ಇಟ್ಟುಕೊಂಡ. ಅದನ್ನೇ ಜೋಲ್ದೋಶನ ಕಾರಿಗೆ ಕೂರಿಸಿಬಿಟ್ಟ. ಒಂದೇ ತಾನೇ ಎಂಬ ಭಂಡತನ, ಅಷ್ಟೆ.

"ದೀಪ ಮಿಟುಕ್ತಾವೆ, ಕೆಪಾಸಿಟರ್ ಹಾಕಿಸದೆ ಬಂದ್ರೆ ಮುದ್ರೆ ಒತ್ತಲ್ಲ ಅಂದ ವಾಹನ ತಪಾಸಣೆಯವನು," ಎಂದಿದ್ದ ಅಂದು ಜೋಲ್ದೋಶ್. "ಹಾಕಿದ್ರೆ ಮಿಟುಕೋದು ಪೂರ್ತಿ ನಿಂತೋಗುತ್ತಾ, ಉಸ್ತಾ?"

"ಪೂರ್ತಿ."

ಜೋಲ್ದೋಶನ ಮುಖ ಸಪ್ಪಗಾಯಿತು. ದುಡ್ಡು ಬಿಚ್ಚೋಕೆ ಮನಸ್ಸಿಲ್ಲದ ಜಿಪುಣ ಎಂದುಕೊಂಡ ಕುಬನ್.

ವಾರ ಕಳೆದು ಅದೇ ಜಿಪುಣ ಬಿಸಿ ರೊಟ್ಟಿ ಹಿಡಿದು ಬಂದ. "ನಿನ್ನ ಕೈಗುಣ ದೊಡ್ಡದಪ್ಪ! ತಗೋ, ನನ್ನ ಹೆಂಡತಿ ಬುರುಲ್ ನಿನಗೇ ಅಂತ ಸುಟ್ಟಿದ್ದು."

ರೊಟ್ಟಿಗೆ ಬೇಡ ಎನ್ನುವಂತಿಲ್ಲ. ಚೂರಾದರೂ ಬಾಯಿಗಿಡಲೇಬೇಕು. ಕುಬನ್ ಇಟ್ಟುಕೊಂಡ. ಹಂಗಿಸುತ್ತಿದ್ದಾನೋ, ನಿಜಕ್ಕೂ ಪೆದ್ದನೋ? ಅಂದಿನಿಂದ ತಿಂಗಳಿಗೊಂದು ರೊಟ್ಟಿ ಬರುತ್ತಲೇ ಇತ್ತು, ತಿಂಗಳಿಗೊಮ್ಮೆ ಕುಬನ್ ಆ ಚೂರನ್ನು ನುಂಗುತ್ತಲೇ ಇದ್ದ.

ಈಚೆಗೆ ಒಂದು ಮುಸ್ಸಂಜೆ ಜೋಲ್ದೋಶನ ಮನೆಯ ಮುಂದೆ ಹಾದುಹೋಗುತ್ತಿದ್ದ. ಅಂಗಳದಲ್ಲಿ ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಹಾಡು ಅಬ್ಬರಿಸುತ್ತಿತ್ತು, ಗೋಡೆಯ ಮೇಲೆ ಬಿದ್ದ ಬೆಳಕು ಪ್ರತಿ ಗುದ್ದಿಗೂ ಕುಗ್ಗಿ ಏಳುತ್ತಿತ್ತು. ಬುರುಲ್ ಬೀದಿಗೆ ಬೆನ್ನು ಹಾಕಿ ಆ ಬೆಳಕನ್ನೇ ನೋಡುತ್ತಿದ್ದಳು.

"ಚೆನ್ನಾಗಿದ್ದೀರಾ, ಅಕ್ಕಾ?"

ತಿರುಗಲಿಲ್ಲ. ಹಾಡು ಮುಗಿದಾಗ ಮತ್ತೆ ಕೂಗಿದ. ಆಗಲೂ ತಿರುಗಲಿಲ್ಲ. ಮುಂದಿನ ಹಾಡು ಶುರುವಾದಾಗ ಅವಳ ಭುಜಗಳು ಅಲುಗಿದವು. ಅಳುತ್ತಿದ್ದಾಳೆ. ಗೊತ್ತಾಗಿಹೋಗಿದೆ ಇವಳಿಗೆ, ಎಂದುಕೊಂಡ ಕುಬನ್. ಮಂಜು ಬೀಳುವ ಕಾಲ ಬರುತ್ತಿತ್ತು. ಅವಳ ತವರಿಗೆ ಘಟ್ಟ ದಾಟಿ ಹೋಗಬೇಕು. ಯಾವುದೋ ತಿರುವಿನಲ್ಲಿ ದೀಪ ಕೈಕೊಟ್ಟರೆ ಆ ಇಬ್ಬರನ್ನೂ ಕೊಂದವನು ತಾನೇ. ಆ ಯೋಚನೆ ಹೊಕ್ಕ ಮೇಲೆ ಅನ್ನ ನೀರು ರುಚಿಸಲಿಲ್ಲ.

ಅದಕ್ಕೇ ಇಂದು, ಸ್ಪೀಕರ್ ಕರಕರ ಎನ್ನುತ್ತಿದೆ ಎಂದು ಜೋಲ್ದೋಶ್ ಕಾರು ಬಿಟ್ಟುಹೋದದ್ದು ದೇವರೇ ಕಳಿಸಿದ ಹಾಗಿತ್ತು.

ಅಸಲಿ ಕೆಪಾಸಿಟರನ್ನು ನೇರ ಜೋಡಿಸುವಂತಿಲ್ಲ, ಕಿಡಿ ಹಾರುತ್ತದೆ. ಕುಬನ್ ನಡುವೆ ಒಂದು ಬಲ್ಬು ಹಿಡಿದ. ಬಲ್ಬು ಜಗ್ಗನೆ ಹೊತ್ತಿ, ಮೆಲ್ಲಮೆಲ್ಲಗೆ ಆರಿತು. ಕೆಪಾಸಿಟರ್ ತುಂಬಿತು. ಖಾಲಿ ಡಬ್ಬಿಯ ದಿನ ಇದೇ ಬಲ್ಬು ಒಮ್ಮೆ ಮಿಣುಕಿ ಆರಿಹೋಗಿತ್ತು. ಹಾಡು ಹಾಕಿ ನೋಡಿದ. ಗುದ್ದಿಗೆ ಗಾಜು ನಡುಗಿತು, ದೀಪ ಕದಲಲಿಲ್ಲ. ಹಳೆಯ ಡಬ್ಬಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಮೂಲೆಗೆಸೆದ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ನಾಲ್ಕನೇ ದಿನ ಜೋಲ್ದೋಶ್ ಬಂದ. ಕೈಯಲ್ಲಿ ರೊಟ್ಟಿ ಇರಲಿಲ್ಲ.

"ನನ್ನ ಕಾರಿಗೆ ಏನು ಮಾಡಿದೆ?"

ಕುಬನ್‌ಗೆ ಸಾಕಾಗಿತ್ತು. ಎಲ್ಲವನ್ನೂ ಹೇಳಿಬಿಟ್ಟ. "ತಪ್ಪಾಯ್ತು ಅಣ್ಣಾ. ಖಾಲಿ ಡಬ್ಬಿ ಅಂತ ಗೊತ್ತಿದ್ದೂ ಹಾಕಿದೆ. ನಿನ್ನ ಮನೆ ರೊಟ್ಟಿ ತಿಂದು ಮೋಸ ಮಾಡಿದೆ. ಹೊಡಿ ಬೇಕಾದ್ರೆ."

"ಖಾಲಿ ಅಂತ ನನಗೆ ಮೊದಲನೇ ದಿನವೇ ಗೊತ್ತು."

"ಏನು?"

"ಕೂರಿಸಿದ ಸಂಜೆನೇ ದೀಪ ಮಿಟುಕ್ತಲ್ಲ! ತಪಾಸಣೆಯವನು ಡಬ್ಬಿ ನೋಡಿದ, ನೀಲಿ ಅಂಕಿ ನೋಡಿದ, ಮುದ್ರೆ ಒತ್ತಿದ. ಹಾಡು ಹಾಕು ಅನ್ನಲೇ ಇಲ್ಲ. ಮತ್ತೆ ರೊಟ್ಟಿ ಯಾತಕ್ಕೆ ತಂದೆ ಅಂದ್ಕೊಂಡೆ? ಆ ಡಬ್ಬಿ ವಾಪಸ್ ಕೊಡು."

ಕುಬನ್ ಮೂಲೆಯತ್ತ ನೋಡಿದ. ಜೋಲ್ದೋಶ್ ಹೋಗಿ ಆ ಚಪ್ಪಟೆ ತಗಡನ್ನು ಎತ್ತಿ, ತಿರುಗಿಸಿ ನೋಡಿದ. ಅವನ ಸಿಟ್ಟೆಲ್ಲ ಇಳಿದುಹೋಯಿತು.

"ನಿನ್ನೆ ನಾದಿನಿ ಮದುವೆ. ಕತ್ತಲಾಗೋ ಹೊತ್ತಿಗೆ ಯಾವಾಗಿನ ಹಾಗೆ ಕಾರು ಗೋಡೆಗೆ ತಿರುಗಿಸಿ ಹಾಡು ಹಾಕಿದೆ. ಬುರುಲ್ ನಡುವೆ ಬಂದು ಎರಡೂ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತ್ವು. ಗೋಡೆ ನೋಡಿದಳು, ನನ್ನ ನೋಡಿದಳು, ಅಷ್ಟು ಜನರ ಮುಂದೆ ಅತ್ತುಬಿಟ್ಟಳು."

ಕುಬನ್‌ಗೆ ತಲೆಬುಡ ಅರ್ಥವಾಗಲಿಲ್ಲ. "ದೀಪ ಸರಿಯಾದ್ರೆ ಯಾರಾದ್ರೂ ಅಳ್ತಾರಾ, ಅಣ್ಣಾ?"

"ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಲ್ಲ, ಉಸ್ತಾ. ಕಾರಿಗೆ ಕೈ ಒತ್ತಿದ್ರೆ ತಾಳ ಸಿಗುತ್ತೆ, ಆದ್ರೆ ಕೈ ಒತ್ಕೊಂಡು ಕುಣಿಯಕ್ಕಾಗುತ್ತಾ? ಗೋಡೆ ಮೇಲೆ ಆ ದೀಪ ಮಿಟುಕೋದನ್ನ ನೋಡ್ಕೊಂಡೇ ಅವಳು ಕುಣೀತಿದ್ದದ್ದು."